ಆರಿಸುವುದು

ಗೋಡೆಗೆ ಮೂರು ತುಂಡು ಬಟ್ಟೆ ಅಂಟಿಸಿ
ಅಂಗಡಿಯ ಇಮ್ತಿಯಾಜ್ ಹೋದ:
ಬಿಳಿ, ಬೂದು, ಇನ್ನೂ ಬೂದು.
ಎರಡು ದಿನ ನೋಡಿ ಹೇಳಿ, ಅಕ್ಕಾ.

ಕಿಟಕಿಯಾಚೆ ಕೋಲಾರದ ಡೂಂಲೈಟ್ ಸರ್ಕಲ್.
ಹೆಸರಲ್ಲೇ ದೀಪ ಹೊತ್ತ ಜಾಗದಲ್ಲಿ
ಕತ್ತಲನ್ನು ಯಾರ ಹತ್ತಿರ ಸಾಲ ಕೇಳಲಿ?
ಪರದೆ ಎಳೆದರೂ ಸಂದಿಯಿಂದ ನುಗ್ಗಿ
ಮುಳಬಾಗಿಲು ಬಸ್ಸು ಸೂರಿನ ಮೇಲೇ ತಿರುಗುತ್ತದೆ.
ಒಳಗೆ, ಟ್ಯೂಬ್‌ಲೈಟಿನ ಕೆಳಗೆ, ಅತ್ತೆ;
ಮೊರದ ತುಂಬ ಅವರೆ.

ಬಿಳಿಯ ಮೇಲೆ ಕಂಡ ಕಂಡ ಬೆಳಕೆಲ್ಲ ನೆಂಟ.
ನಾಯಕಿಯ ಜಡೆ ಗಂಜಿಯ ಬಣ್ಣ,
ಅಮಾವಾಸ್ಯೆಯ ಸೀನಿಗೆ ಸುಣ್ಣ ಬಳಿದಂತೆ.
ಫೋನು ಮಾಡಿದರೆ ಇಮ್ತಿಯಾಜ್ ನಕ್ಕ:
"ಪ್ರೊಜೆಕ್ಟರು ಕಪ್ಪು ಚೆಲ್ಲೋದಿಲ್ಲ ಅಕ್ಕಾ,
ಬೆಳಕಷ್ಟೇ. ಕಪ್ಪು ಬಟ್ಟೆಯದು, ನಿಮ್ಮ ಮನೇದು."

ಮೂವತ್ತು ವರ್ಷ ಬ್ಲೌಸು ಹೊಲಿದವಳು ನಾನು,
ಬಟ್ಟೆಗೆ ಇಷ್ಟು ಕೆಲಸವಿದೆಯೆಂದು ಗೊತ್ತಿರಲಿಲ್ಲ.

"ಅಮ್ಮಾ, ಲೈಟ್ ಆರಿಸೇ" ಎಂದರು ಇವರು.
"ನಾನಿನ್ನೂ ಆರಿಸ್ತಾ ಇದೀನಿ" ಅಂದರು ಅತ್ತೆ,
ಹುಳುಕು ಕಾಳೊಂದನ್ನು ಬದಿಗೆಸೆದು.

ನಡುವಿನ ಬೂದನ್ನೇ ಆರಿಸಿದೆವು.
ತಲೆಮೇಲಿನ ಬೆಳಕನ್ನು ನೆಲಕ್ಕೆ ಜಾಡಿಸಿ
ಎದುರಿನದನ್ನು ಮಾತ್ರ ಮುಖಕ್ಕೆ ಕೊಡುತ್ತದೆ.
ಭಾನುವಾರ ರಾತ್ರಿ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು,
ಜಡೆ ಕಪ್ಪಾಗಿತ್ತು.
ಅತ್ತೆ ಮೊರ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ ಕೇಳಿದರು:
"ಪಾಪ, ಅವರ ಮನೇಲಿ ಕರೆಂಟಿಲ್ವಾ?"