ಹದಿನೇಳನೇ ಸಾಲು, ನಲವತ್ತನೇ ಮನೆ

ಕನ್ನಡಿ ಬೇಡ, ಎಂದರು ಪದ್ಮಪ್ರಭ.
ಈ ಬೆಳಕು ಕನ್ನಡಿಗೆ ಸೊಪ್ಪು ಹಾಕುವುದಿಲ್ಲ,
ಬಗ್ಗು ಎಂದರೆ ಬಗ್ಗದು,
ಎದೆಯ ಮೂಳೆಯನ್ನೂ ಹಾದು ಹೋಗುವ ಜಾತಿ.
ಇದನ್ನು ಒಂದೆಡೆ ಕೂಡಿಸಲಾಗದು.
ಇದರ ನೆರಳನ್ನು ಹಿಡಿಯಬಹುದು.

ಮೇಜಿನ ಮೇಲೆ ನಕ್ಷೆ ಹರಡಿದರು: ಒಂದು ಜರಡಿ.
ಮೊಳ ಅಗಲದ ಟಂಗ್‌ಸ್ಟನ್ ತಗಡು,
ಸಾವಿರಾರು ಚೌಕದ ಮನೆ,
ಬಿಳಿಯವು ತೆರೆದದ್ದು, ಕರಿಯವು ಮುಚ್ಚಿದ್ದು.

ಮಾಚೇನಹಳ್ಳಿಯ ನಮ್ಮ ಶೆಡ್ಡಿನಲ್ಲಿ
ಅದುವರೆಗೆ ನಾನು ಕೊರೆದದ್ದು
ಟ್ರ್ಯಾಕ್ಟರಿನ ಗೇರು, ಪಂಪಿನ ಅಚ್ಚು.
ನಗು ಬಂತು. 'ಸಾರ್, ಎಡಕ್ಕಿದ್ದದ್ದು ಬಲಕ್ಕೇ ಇಲ್ಲವಲ್ಲ?'
ಸಾಗರದ ಕಡೆ ನನ್ನ ಚಿಕ್ಕಮ್ಮ ಗಿಡ್ಡಮ್ಮ
ಕೆಮ್ಮಣ್ಣಿನ ಗೋಡೆಗೆ ಪುಂಡಿನಾರಿನಿಂದ
ಅಕ್ಕಿಹಿಟ್ಟಿನ ಎಳೆ ಎಳೆದರೆ
ಹಸೆಯ ಈ ಮೂಲೆ ಆ ಮೂಲೆಗೆ ಅವಳಿ.
ಒಂದೆಳೆ ಹೆಚ್ಚಾದರೆ ಒರೆಸಿ ಮತ್ತೆ ಬರೆಯುತ್ತಿದ್ದಳು.

ಅವಳಿ ಇದ್ದರೆ ಕೆಟ್ಟಿತು, ಎಂದರು.
ಇಲ್ಲಿಂದ ಬಂದೆ ಎನ್ನುತ್ತದೆ ನೆರಳು,
ಅಲ್ಲಿಂದಲೂ ಬಂದೆ ಎನ್ನುತ್ತದೆ.
ಎತ್ತ ಸರಿಸಿದರೂ ಈ ಜರಡಿ
ತನ್ನನ್ನು ತಾನು ಹೋಲಬಾರದು.
ಆಗಲೇ ನೆರಳು ಎಷ್ಟು ಸರಿದಿದೆ ನೋಡಿ
ನಕ್ಷತ್ರ ಎಲ್ಲಿದೆ ಎಂದು ಲೆಕ್ಕ ಹಾಕುವುದು.

ನಮ್ಮ ಮಾಡಿನ ತಗಡಿನಲ್ಲೊಂದು ಮೊಳೆಯ ತೂತು.
ಅದರಿಂದ ಬಿದ್ದ ಬಿಸಿಲ ಬಿಲ್ಲೆ
ಮೂರು ಗಂಟೆಗೆ ನನ್ನ ಸ್ಟೂಲಿನ ಕಾಲು ಮುಟ್ಟುತ್ತದೆ.
ಅಷ್ಟು ಅರ್ಥವಾಯಿತು.

ಹನ್ನೊಂದು ರಾತ್ರಿ ಕೊರೆದೆ. ತಂತಿ, ನೀರು, ಕಿಡಿ.
ಉದುರಿದ ಚೌಕಗಳನ್ನು ಕಾಫಿಪುಡಿ ಡಬ್ಬಿಗೆ ತುಂಬಿದೆ;
ಅರ್ಧ ಡಬ್ಬಿಗೇ ರುಬ್ಬುಗುಂಡಿನ ಭಾರ.

ಒಂಬತ್ತನೇ ರಾತ್ರಿ ಕರೆಂಟು ಹೋಗಿ ಬಂತು.
ಮುಚ್ಚಿರಬೇಕಿದ್ದ ಮನೆಯೊಂದು ತೆರೆದಿತ್ತು.
ಹದಿನೇಳನೇ ಸಾಲು, ನಲವತ್ತನೇದು.
ಅಷ್ಟರಲ್ಲಿ ಒಂದು, ಯಾರು ಎಣಿಸುತ್ತಾರೆ?
ಬೆಳಗಿನವರೆಗೆ ಹೀಗೇ ಅಂದುಕೊಂಡೆ.
ಬೆಳಿಗ್ಗೆ, ಸಂಬಳದಲ್ಲಿ ಮುರಿದುಕೊಳ್ಳಿ ಎಂದೆ.

ಅವರು ರಬ್ಬರು ಕೇಳಿದರು.
ನಕ್ಷೆಯಲ್ಲಿ ಆ ಒಂದು ಕರಿ ಮನೆಯನ್ನು
ಉಜ್ಜಿ ಉಜ್ಜಿ ಬಿಳಿ ಮಾಡಿದರು,
ಪಕ್ಕದಲ್ಲಿ ತಾರೀಖು ಬರೆದರು.
'ಗೊತ್ತಿರುವ ತೂತು ತಪ್ಪಲ್ಲ, ಕುಸುಮಾ.
ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತೇವೆ.
ನೀನು ಸುಮ್ಮನಿದ್ದಿದ್ದರೆ
ಇಲ್ಲದ ಬೆಳಕೊಂದು ಆಕಾಶದಲ್ಲಿ ಕಾಣುತ್ತಿತ್ತು.'

ಜರಡಿ ಹೋಯಿತು. ಬಲೂನಿಗೆ ಕಟ್ಟಿ
ಗಾಳಿ ತೆಳುವಾಗುವಲ್ಲಿಗೆ ಬಿಡುತ್ತಾರಂತೆ.
ಡಬ್ಬಿ ಶೆಡ್ಡಿನ ಬಾಗಿಲಿಗೆ ಒತ್ತಾಗಿ ಕೂತಿದೆ,
ಆಷಾಢದ ಗಾಳಿಗೂ ಅಲುಗುವುದಿಲ್ಲ.
ಅದರಲ್ಲಿ ಒಂದು ಚೌಕ ಹೆಚ್ಚಿದೆ.