ತುಳುಕು

ಟ್ಯಾಲಿನ್ನಿನ ಕೊಪ್ಲಿಯಲ್ಲಿ, ಟ್ರಾಮು ಮೈ ತಿರುಗಿಸಿಕೊಳ್ಳುವ
ಕೊನೆಯ ನಿಲ್ದಾಣದ ಎದುರು,
ಹಳೇ ಹಗ್ಗದ ಕಾರ್ಖಾನೆಯ ಎರಡನೇ ಮಹಡಿಯಲ್ಲಿ
ನಾವು ತಲೆಗಳನ್ನು ಎರಕ ಹೊಯ್ಯುತ್ತೇವೆ,
ಬೊಂಬೆ ಸಿನಿಮಾಕ್ಕೆ.

ಈ ವಾರ ಒಬ್ಬ ಅಂಚೆಯವನು.
ಹದಿನೇಳು ತಲೆ ಬೇಕು, ಹದಿನೇಳು ಬಾಯಿ:
ಆ ಅನ್ನುವುದು, ಓ ಅನ್ನುವುದು, ಸೀನುವುದು,
ಸುಮ್ಮನಿರುವುದು ಎರಡು ಬಗೆ.

ಗಟ್ಟಿ ತಲೆ ಇನ್ನೂರ ಹತ್ತು ಗ್ರಾಮು.
ತಂತಿಯ ಕತ್ತು ತಾಳುವುದು ಅರುವತ್ತು.
ಗೊತ್ತಿಲ್ಲದೆ ನನ್ನ ಮೊದಲ ತಲೆಯನ್ನು ಪೂರ್ತಿ ತುಂಬಿಸಿದ್ದೆ.
ರಾತ್ರಿಯಿಡೀ ಕ್ಯಾಮೆರಾದೆದುರು ಆ ಬೊಂಬೆ
ಕೂದಲೆಳೆಯಷ್ಟು, ಕೂದಲೆಳೆಯಷ್ಟು, ಬಾಗುತ್ತಾ ಹೋಗಿ
ಬೆಳಗಿನ ಹೊತ್ತಿಗೆ ಯಾರದೋ ಕ್ಷಮೆ ಕೇಳುತ್ತಿತ್ತು.
"ಟೊಳ್ಳು ಮಾಡುವುದನ್ನು ಕಲಿ" ಅಂದರು ಉರ್ವೆ.

ಅವರ ಯಂತ್ರ: ಮಂಚದ ಕಬ್ಬಿಣ, ಸೈಕಲ್ಲಿನ ಚೈನು,
ಚೌಕಟ್ಟಿನೊಳಗೊಂದು ಚೌಕಟ್ಟು, ಒಂದೇ ಹಿಡಿಕೆ.
ಹೊರಗಿನದು ಮೂರು ಸುತ್ತಿದರೆ ಒಳಗಿನದು ಎರಡು.
ಸರಿಸಮ ಸುತ್ತಿದರೆ ತುಳಿದ ದಾರಿಯನ್ನೇ ತುಳಿಯುತ್ತದೆ,
ಮೂಗಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಅಡುಗೆಯ ತಕ್ಕಡಿಯಲ್ಲಿ ಎರಡು ಲೋಟ, ಸಮತೂಕ.
ಬಾಟಲಿಯ ಮುಚ್ಚಳ ಮರೆತರೆ ಬಾಲ್ಟಿಕ್ಕಿನ ತೇವ ಹೊಕ್ಕು
ರಾಳ ನೊರೆಯೇಳುತ್ತದೆ,
ಅಂಚೆಯವನ ಕೆನ್ನೆಗೆ ಸಿಡುಬು.
ಕಲಸಿದ ಮೇಲೆ ಮೂರು ನಿಮಿಷ ಅದು ನೀರು.
ಆಮೇಲೆ ಜೇನು.
ಆಮೇಲೆ ಯಾರ ಮಾತೂ ಕೇಳದು.

ಜೋರಾಗಿ ಗಿರಗಿರ ತಿರುಗಿಸಿ ಗೋಡೆಗೆ ರಾಚುತ್ತೇವೆ
ಅಂದುಕೊಳ್ಳುತ್ತಾರೆ ನೋಡಲು ಬಂದವರು.
ಇಲ್ಲ. ರಾಳ ಎಲ್ಲಿಗೂ ಹೋಗುವುದಿಲ್ಲ,
ತಳದಲ್ಲೇ ಬಿದ್ದುಕೊಂಡಿರುತ್ತದೆ, ಸೋಮಾರಿ.
ಅಚ್ಚೇ ಅದರ ಸುತ್ತ ನಡೆಯಬೇಕು, ಮೆಲ್ಲಗೆ,
ಗಲ್ಲ ಒಡ್ಡಿ, ಹಣೆ ಒಡ್ಡಿ, ಕಿವಿಯ ಸಂದನ್ನೂ ಒಡ್ಡಿ
ಒಂದೊಂದು ಪದರ ಬೇಡಿಕೊಳ್ಳಬೇಕು.
ತುಂಬಿದ ಕೊಡ ತುಳುಕುವುದಿಲ್ಲವಂತೆ.
ನಮ್ಮಲ್ಲಿ ತುಳುಕದಿದ್ದರೆ ಮುಖವೇ ಇಲ್ಲ.

ಬುಳುಕ್, ಬುಳುಕ್. ಆಮೇಲೆ ದಪ್ಪ ದನಿ. ಆಮೇಲೆ ಇಲ್ಲ.
ಆ ಇಲ್ಲವನ್ನು ಕೇಳಿಸಿಕೊಳ್ಳುವುದೇ ಕಸುಬು.
ಕೇಳಿಸಿದ ಮೇಲೂ ತಿರುಗಿಸುತ್ತಲೇ ಇರಬೇಕು;
ಕಿವಿಗೆ ನಿಂತದ್ದು ಗೋಡೆಯಲ್ಲಿ ಇನ್ನೂ ಜಾರುತ್ತಿರುತ್ತದೆ.

ಈ ಚಳಿಗಾಲ ಉರ್ವೆಯ ಬಲಗಿವಿ ಹೋಯಿತು.
ಎಡಗಿವಿ ಮೊದಲೇ ಅರ್ಧ.
ಅವರು ಹೇಳಲಿಲ್ಲ. ಹಿಡಿಕೆ ತಿರುಗಿಸುತ್ತಾ
ಅಚ್ಚಿನ ಬದಲು ನನ್ನ ಮುಖ ನೋಡತೊಡಗಿದರು, ಅಷ್ಟೆ.
ನಿಂತಿತೇ, ಎಂದು ಹುಬ್ಬಿನಲ್ಲೇ.
ಅದೇ ಗಳಿಗೆಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು.
ನಿಂತಿತು, ಅಂದೆ.

ಅಚ್ಚು ಬಿಚ್ಚಿದಾಗ ಎಡಗೆನ್ನೆಯೊಳಗೆ ಮಡುಗಟ್ಟಿ ಕೂತಿತ್ತು.
ಹಣೆಯಲ್ಲಿ ಕಿಟಕಿಯ ಬೆಳಕು ಹಾಯುತ್ತಿತ್ತು,
ಉರ್ವೆಯ ಹೆಬ್ಬೆರಳು ಹಾಗೇ ಒಳಹೋಯಿತು.
ಮೊಟ್ಟೆಯ ಸಿಪ್ಪೆ ಬಿದ್ದಂತೆ ಎರಡು ಚೂರು ಮೇಜಿನ ಮೇಲೆ.
ಎಲ್ಲ ಆಯ್ದು ತಕ್ಕಡಿಗೆ ಹಾಕಿದರು: ಐವತ್ತೆಂಟು.
"ತೂಕ ಸರಿ ಇದೆ" ಅಂದರು. "ಜಾಗ ತಪ್ಪಿದೆ."

ಮುಂದಿನದಕ್ಕೆ ಹಿಡಿಕೆಯನ್ನು ನನಗೆ ಕೊಟ್ಟು
ತಾವು ಯಂತ್ರದ ನಿಂತ ಕಂಬಕ್ಕೆ ದವಡೆಯೊತ್ತಿ
ಕಣ್ಣು ಮುಚ್ಚಿದರು.
ಹಲ್ಲಿನಿಂದ ಕೇಳುತ್ತಿದ್ದರೋ ಏನೋ.
ಮೂರಕ್ಕೆ ಎರಡು, ಮೂರಕ್ಕೆ ಎರಡು,
ನನ್ನ ಹೆಗಲು ಉರಿಯುತ್ತಿತ್ತು.
ಬೆರಳೆತ್ತಿದರು: ಈಗ.
ನನಗೆ ಕೇಳಿಸಿತು, ಅದಾದ ಮೇಲೆ, ಒಂದೇ ಒಂದು
ಸಣ್ಣ ಬುಳುಕ್.
"ಇನ್ನೊಂದಿದೆ" ಅಂದೆ, ಜೋರಾಗಿ, ಅವರ ಎಡಕ್ಕೆ ಬಾಗಿ.
ಬೆರಳು ಹಾಗೇ ಗಾಳಿಯಲ್ಲಿ ಕಾಯಿತು.

ಗುರುವಾರ ಹೆಲ್ದುರ್ ಬಂದು ತಲೆಗಳನ್ನೆಲ್ಲ
ಮೊಟ್ಟೆಯ ಟ್ರೇಯಲ್ಲಿಟ್ಟುಕೊಂಡು ಹೋದ.
ಬಾಗಿಲಿನಿಂದ ತಿರುಗಿ ಬಂದು ಕೇಳಿದ,
ಸುಮ್ಮನಿರುವ ಎರಡರಲ್ಲಿ ಯಾವುದು ಯಾವುದೆಂದು.
ಉರ್ವೆಗೆ ಕೇಳಿಸಲಿಲ್ಲ.
ನಾನು ಒಂದನ್ನೆತ್ತಿ ಕೆಳತುಟಿ ತೋರಿಸಿದೆ:
ಇಲ್ಲಿ ಅರ್ಧ ಮಿಲಿಮೀಟರು. ಇದು,
ಕಾಯುತ್ತಿರುವುದು.