ಐದನೆಯ ವರ್ಷದ ಫೋನು

ಪ್ರತಿ ಫೆಬ್ರವರಿ ಮೈಸೂರಿನಿಂದ ಫೋನು ಬರುತ್ತದೆ.
ಹುಡುಗಿಯ ದನಿ, ಹಿಂದೆ ಕಾಗದ ಮಗುಚುವ ಸದ್ದು.
"ವೇಲಾಯುಧ ಆಚಾರಿಯವರಾ? ಕುಶಾಲನಗರ?
ಇದ್ದೀರಾ?"

ಇದ್ದೇನೆ ಅನ್ನುವ ಮೊದಲು
ಅಂಗುಳಿನ ತಟ್ಟೆಯನ್ನು ನಾಲಿಗೆಯಿಂದ ಒತ್ತಿ ಕೂರಿಸಬೇಕು,
ಇಲ್ಲದಿದ್ದರೆ ಮಾತೆಲ್ಲ ಮೂಗಿನ ಗುಹೆಗೆ ನುಗ್ಗಿ
ಬರೀ ಗಾಳಿಯಾಗಿ ಹೊರಬೀಳುತ್ತದೆ.
ಅಷ್ಟು ಹೊತ್ತು ಅವಳು ಕಾಯುತ್ತಾಳೆ.
ಅಷ್ಟು ಹೊತ್ತು ನಾನು ಇಲ್ಲ.

ಮೂವತ್ತನಾಲ್ಕು ವರ್ಷ ಕೊಯ್ದವನು:
ಬೀಟೆ, ತೇಗ, ಹೊನ್ನೆ, ನಂದಿ,
ಕೈ ಬಿಗಿಯಿದ್ದವರ ಕಿಟಕಿಗೆ ಸಿಲ್ವರ್ ಓಕು.
ಕಣ್ಣು ಕಟ್ಟಿ ತುಂಡು ಕೊಟ್ಟರೂ ಹೇಳುತ್ತಿದ್ದೆ,
ಇದು ಹಲಸು, ಇದು ಹಲಸೆಂದು ನಿಮಗೆ ಮಾರಿದ ಹೆಬ್ಬಲಸು.
ಹೊಸದಾಗಿ ಸೀಳಿದ ಬೀಟೆಗೆ
ಬೆಲ್ಲಕ್ಕೂ ಗುಲಾಬಿಗೂ ನಡುವೆ ಒಂದು ಪರಿಮಳ.
ಪುಡಿ ಕೇಳದೆ ಕರೆಯದೆ ಒಳಗೆ ಹೋಗುತ್ತಿತ್ತು.
ಸಂಜೆ ಸೀನಿದರೆ ಕರವಸ್ತ್ರದಲ್ಲಿ ಆ ದಿನದ ಮರದ ಬಣ್ಣ.
ಒಗೆಯುವ ಕಲ್ಲಿನ ಹತ್ತಿರ ಕಾರ್ತ್ಯಾಯಿನಿ ನಗುತ್ತಿದ್ದಳು:
"ಇವತ್ತು ಬೀಟೆ. ಕೂಲಿ ಚೆನ್ನಾಗಿರಬೇಕು."

ಎಡ ಹೊಳ್ಳೆ ಮುಚ್ಚಿತು. ನೆಗಡಿ ಅಂದರು.
ಒಂಬತ್ತು ತಿಂಗಳ ನೆಗಡಿ.
ಆಮೇಲೆ ಮೇಲಿನ ಹಲ್ಲು ಅಲುಗಿತು,
ಬೆಳಿಗ್ಗೆ ದಿಂಬಿನ ಮೇಲೆ ರಕ್ತ, ಕಾಸಿನಗಲ.

ದವಡೆಯ ಒಂದು ಪಾಲು ತೆಗೆದ ಡಾಕ್ಟರು
ಸುಳ್ಳು ಹೇಳುವವರಲ್ಲ.
"ಐದು ವರ್ಷಕ್ಕೆ ಐವರಲ್ಲಿ ಮೂವರು ಅಂದುಕೊಳ್ಳಿ" ಅಂದರು.
ಕರೆಂಟು ಕೊಡುವ ಕೋಣೆಯ ಹೊರಗೆ, ಬೆಂಚಿನ ಮೇಲೆ
ಕೊಡಗಿನವರು ನಾವು ಸರಿಯಾಗಿ ಐವರು:
ಸುಂಟಿಕೊಪ್ಪದ ಬೊಳ್ಳಮ್ಮ ಟೀಚರು,
ಹುದಿಕೇರಿಯ ಚಂಗಪ್ಪ, ಲಾರಿಯ ಜೋಕಿಂ,
ಶನಿವಾರಸಂತೆಯ ಒಬ್ಬ ಹುಡುಗ, ಹೆಸರು ಮರೆತಿದ್ದೇನೆ,
ಮರೆತದ್ದಕ್ಕೆ ಈಗಲೂ ನಾಚಿಕೆ.
ಯಾರೂ ಬಾಯಿಬಿಟ್ಟು ಎಣಿಸಲಿಲ್ಲ.
ಎಲ್ಲರೂ ಎಣಿಸಿದೆವು.

ಮುಖಕ್ಕೆ ಬಿಸಿನೀರಲ್ಲಿ ಅದ್ದಿದ ಬಲೆ ಹೊದಿಸಿ ಅಚ್ಚು ತೆಗೆದರು.
ಮೂವತ್ಮೂರು ದಿನ ಅದರೊಳಗೆ ಮುಖವಿಟ್ಟು
ಮೇಜಿಗೆ ಕ್ಲಿಪ್ಪು ಬಿಗಿದರು.
ನನಗೆ ನಗು. ಜೀವಮಾನವಿಡೀ ಹಲಗೆಗಳನ್ನು
ಹೀಗೇ ಬಿಗಿದವನು ನಾನು, ಅಲುಗಬೇಡ ಅಂತ.
ಹಲಗೆ ಒಂದು ದಿನವೂ ನನ್ನನ್ನು
ಇನ್ನೆಷ್ಟು ಹೊತ್ತು ಅಂತ ಕೇಳಿರಲಿಲ್ಲ.

ತಟ್ಟೆ ಮಾಡಿದ ಹುಡುಗನ ಕೂಡು ಮಾತ್ರ ಸರಿಯಿರಲಿಲ್ಲ.
ಚಹಾ ಮೂಗಿನಿಂದ ಇಳಿಯುತ್ತಿತ್ತು.
ಮನೆಗೆ ಬಂದು ಸೊನ್ನೆ ನಂಬರಿನ ಕಾಗದ ತಂದು
ನಾನೇ ಉಜ್ಜಿದೆ, ಕೂದಲೆಳೆಯಷ್ಟು, ಮೂರು ರಾತ್ರಿ.
ನನ್ನ ಕೆಲಸಗಳಲ್ಲಿ ಅತಿ ಚಿಕ್ಕದು ಅದು.
ಕೂಲಿ ಕೊಡುವವರಿಲ್ಲ.

"ತೂಕ?" ಐವತ್ತೊಂದು.
"ನೋವು?" ಚಳಿಗೆ ಕೆನ್ನೆ ಬಿಗಿಯುತ್ತದೆ.
"ವಾಸನೆ?"
ಹೇಗೆ ಹೇಳಲಿ ಇವಳಿಗೆ.
ಕಾಚಂಪುಳಿಯ ಹುಳಿ ನಾಲಿಗೆಗೆ ಸಿಗುತ್ತದೆ, ಪುಳಿ ಸಿಗುವುದಿಲ್ಲ.
ಕಳೆದ ತಿಂಗಳು ಅಂಟಿನ ಡಬ್ಬಿ ಸೀದು ಕರಕಲಾಗುವಾಗ
ಪಕ್ಕದಲ್ಲೇ ಕೂತು ಉಳಿ ಮಸೆಯುತ್ತಿದ್ದೆ.
ಹಿತ್ತಲಿನಿಂದ ಓಡಿ ಬಂದವಳು ಕಾರ್ತ್ಯಾಯಿನಿ.
ಈಗ ನಮ್ಮಿಬ್ಬರಿಗೂ ಅವಳದೇ ಮೂಗು.
"ಇಲ್ಲ ಅಂತ ಬರೆದುಕೊಳ್ಳಿ" ಅಂದೆ.

ಉಳಿದ ನಾಲ್ವರ ಬಗ್ಗೆ ಕೇಳಿದೆ.
ಹೇಳುವ ಹಾಗಿಲ್ಲವಂತೆ.
ಬೊಳ್ಳಮ್ಮ ಟೀಚರು ಹೊಸ ವರ್ಷಕ್ಕೆ ಫೋನು ಮಾಡಿದ್ದರು,
ನಮ್ಮಿಬ್ಬರ ಮಾತು ನಮ್ಮಿಬ್ಬರಿಗೇ ಅರ್ಥ.
ಚಂಗಪ್ಪನ ನಂಬರಿಗೆ ಹೋದರೆ
ಗೊತ್ತಿಲ್ಲದ ಯಾರೋ ಹಿಂದಿಯಲ್ಲಿ ಹಲೋ ಅನ್ನುತ್ತಾರೆ.
ಜೋಕಿಮನ ಲಾರಿ ಕಂಡಿದ್ದೆ, ಓಡಿಸುವವ ಬೇರೆ.
ಮೂವರು ಅಂದಿದ್ದರಲ್ಲ.
ಹುಡುಗನೇ ಆಗಲಿ ಮೂರನೆಯವ.

"ಐದು ವರ್ಷ ಆಯಿತು ಸಾರ್, ರೋಗವಿಲ್ಲ" ಅಂದು ಅವಳು
ಎಲ್ಲೋ ಒಂದು ಚೌಕದಲ್ಲಿ ಗುರುತು ಹಾಕಿದಳು.
ಪೆನ್ನಿನ ಸದ್ದು ಕೇಳಿಸಿತು. ಅಥವಾ ಹಾಗನ್ನಿಸಿತು.

ಫೋನಿಟ್ಟು ಹೊರಬಂದರೆ ಕೊಯ್ಯುವ ಯಂತ್ರದ ಮುಂದೆ
ಹೊಸ ಹುಡುಗ ನೌಶಾದ್, ಮೂಗಿನ ಬಟ್ಟೆ ಕುತ್ತಿಗೆಗೆ ಇಳಿಸಿಕೊಂಡು.
"ಸೆಕೆ ಆಚಾರಿ, ಮತ್ತೆ ಮರದ ವಾಸನೆಯೂ ಬರಬೇಕಲ್ಲ."
ಬರಬೇಕು. ಹೌದು.
ಯಂತ್ರ ನಿಲ್ಲಿಸಿದೆ. ತಟ್ಟೆ ತೆಗೆದು ಅಂಗೈಯಲ್ಲಿಟ್ಟುಕೊಂಡೆ.
ಹೇಳಬೇಕಾದ್ದನ್ನೆಲ್ಲ ಹೇಳಿದೆ,
ತಿತಿಮತಿಯ ತೇಗ, ಕರವಸ್ತ್ರ, ಬೆಂಚು, ಐವರು.
ಒಂದಕ್ಷರ ತಿಳಿಯಲಿಲ್ಲ ಅವನಿಗೆ.
ಸುಮ್ಮನೆ ಬಟ್ಟೆ ಮೇಲೇರಿಸಿ
ಹಿಂದೆ ಎರಡು ಗಂಟು ಹಾಕಿಕೊಂಡ.

ತಟ್ಟೆ ತೊಳೆದು ಮತ್ತೆ ಕೂರಿಸಿಕೊಂಡೆ.
"ಅಳತೆ ಹಿಡಿ" ಅಂದೆ.